ಅಣ್ಣನ ಮಗ ಫೈಟರ್ ಪೈಲಟ್ ಆಗಬೇಕಂತೆ: ಸಾಂಬ್ರಾಕ್ಕೆ ಕಳಿಸಬೇಕಾ, ಬೇರೆ ದಾರಿ ಇದೆಯಾ?

ಮುಧೋಳ ಕಾಕಾ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ನನ್ನದಲ್ಲ, ಅಣ್ಣನ ಮಗನದು. ಬಾಗಲಕೋಟೆಯಲ್ಲಿ ಸೆಕೆಂಡ್ ಪಿಯು ಓದುತ್ತಿದ್ದಾನೆ, ಸೈನ್ಸ್. ಹದಿನೇಳು ತುಂಬಿದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಕಬ್ಬಿನ ಟ್ರ್ಯಾಕ್ಟರ್ ನೋಡಿ ಬೆಳೆದ ಹುಡುಗನಿಗೆ ಈ ಹುಚ್ಚು ಎಲ್ಲಿಂದ ಹತ್ತಿತೋ ಗೊತ್ತಿಲ್ಲ, ಫೈಟರ್ ವಿಮಾನ ಹಾರಿಸಬೇಕು ಅಂತಾನೆ. ಬೇರೆ ಏನು ಹೇಳಿದರೂ ತಲೆಗೆ ಹೋಗುತ್ತಿಲ್ಲ.

ಊರಲ್ಲಿ ಒಬ್ಬರು ಹೇಳಿದ್ದು ಹೀಗೆ. ಅಗ್ನಿವೀರ್ ವಾಯುಗೆ ಅರ್ಜಿ ಹಾಕಿಸಿ, ಟ್ರೇನಿಂಗ್ ನಮ್ಮ ಬೆಳಗಾವಿ ಸಾಂಬ್ರಾದಲ್ಲೇ, ನಾಲ್ಕು ವರ್ಷ ಚೆನ್ನಾಗಿ ಕೆಲಸ ಮಾಡಿದರೆ ಪೈಲಟ್ ಮಾಡುತ್ತಾರೆ. ಇನ್ನೊಬ್ಬರು ಕೋಚಿಂಗ್‌ನವರ ನಂಬರ್ ಕೊಟ್ಟರು. ಫೋನ್ ಮಾಡಿದರೆ 1 ಲಕ್ಷ 80 ಸಾವಿರ, "ಸೆಲೆಕ್ಷನ್ ಗ್ಯಾರಂಟಿ" ಅಂದರು. ಕಬ್ಬಿನ ಬಿಲ್ ಬಂದ ಕೂಡಲೇ ಕಟ್ಟಿಬಿಡೋಣ ಅಂತ ಅಣ್ಣ. ಎರಡು ದಿನ ತಡಿ ಅಂತ ನಾನು. ನನ್ನದು ಮೊಬೈಲ್ ರಿಪೇರಿ ಅಂಗಡಿ, ಈ ವಿಷಯದ ಗಂಧಗಾಳಿ ಗೊತ್ತಿಲ್ಲ. ತಿಳಿದವರು ಹೇಳಿ.

ಸಾಂಬ್ರಾ ಹಳಬ

ಕಾಕಾ, ತಡೆದು ಒಳ್ಳೆಯ ಕೆಲಸ ಮಾಡಿದಿರಿ.

ನಾನು ಸಾಂಬ್ರಾದಲ್ಲೇ ಟ್ರೇನಿಂಗ್ ಮುಗಿಸಿ 20 ವರ್ಷ ವಾಯುಪಡೆಯಲ್ಲಿದ್ದವನು. ಸಾರ್ಜೆಂಟ್ ಆಗಿ ಹೊರಗೆ ಬಂದೆ, ಈಗ ಬೆಳಗಾವಿಯಲ್ಲೇ ಮನೆ. ಸಾಂಬ್ರಾದಲ್ಲಿ ಇರುವುದು ಏರ್‌ಮನ್ ಟ್ರೇನಿಂಗ್ ಸ್ಕೂಲ್. ಏರ್‌ಮನ್ ಬೇರೆ, ಆಫೀಸರ್ ಬೇರೆ. ವಿಮಾನ ಹಾರಿಸುವವರೆಲ್ಲ ಆಫೀಸರ್‌ಗಳು. ನಾನು ಇಂಜಿನ್ ಕಡೆಯವನು. ನಸುಕಿನಲ್ಲಿ ಎದ್ದು ವಿಮಾನ ತಯಾರು ಮಾಡುವುದು, ಪೈಲಟ್ ಹತ್ತಿ ಕೂತ ಮೇಲೆ ಏಣಿ ತೆಗೆಯುವುದು, ವಾಪಸ್ ಬಂದ ಮೇಲೆ ಮತ್ತೆ ಇಂಜಿನ್ ನೋಡುವುದು. ಒಳ್ಳೆಯ ಕೆಲಸ, ಹೆಮ್ಮೆಯಿಂದ ಮಾಡಿದ್ದೇನೆ. ಆದರೆ 20 ವರ್ಷದಲ್ಲಿ ಒಂದು ದಿನವೂ ವಿಮಾನ ಹಾರಿಸಲು ನನ್ನ ಕೈಗೆ ಕೊಟ್ಟಿಲ್ಲ. ಅಗ್ನಿವೀರ್ ಆಗಿ ಸೇರಿದರೆ ಆಮೇಲೆ ಪೈಲಟ್ ಮಾಡುತ್ತಾರೆ ಅನ್ನುವುದು ಶುದ್ಧ ಸುಳ್ಳು. ಸಾಂಬ್ರಾ ಬಸ್ಸಿನಲ್ಲಿ ಈ ಮಾತು ತಿಂಗಳಿಗೆ ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಪಕ್ಕದಲ್ಲೇ ಏರ್‌ಪೋರ್ಟ್, ಗೇಟಿನಲ್ಲಿ ಯೂನಿಫಾರ್ಮ್, ಮಂದಿಗೆ ಎಲ್ಲ ಒಂದೇ ಥರ ಕಾಣುತ್ತದೆ.

ನಿಮ್ಮ ಹುಡುಗನಿಗೆ ಈಗ ತೆರೆದಿರುವ ಬಾಗಿಲು ಎನ್‌ಡಿಎ, ಅಂದರೆ ಮೂರೂ ಪಡೆಗಳಿಗೆ ಆಫೀಸರ್‌ಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡುತ್ತದೆ. ಕೋರ್ಸ್ ಶುರುವಾಗುವ ಹೊತ್ತಿಗೆ ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸು, ಮದುವೆ ಆಗಿರಬಾರದು. ವಾಯುಪಡೆಗೆ ಪಿಯುನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಬೇಕು. ಸೆಕೆಂಡ್ ಪಿಯು ಓದುತ್ತಿರುವಾಗಲೇ ಬರೆಯಬಹುದು. ಇದು ತಪ್ಪಿದರೆ ಡಿಗ್ರಿ ಮುಗಿಸಿ 20ರಿಂದ 24ರ ಒಳಗೆ ಎಎಫ್‌ಕ್ಯಾಟ್ (ವಾಯುಪಡೆಯದೇ ಪರೀಕ್ಷೆ) ಅಥವಾ ಸಿಡಿಎಸ್ (ಮೂರೂ ಪಡೆಗಳಿಗೆ ಯುಪಿಎಸ್‌ಸಿ ಪರೀಕ್ಷೆ). ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್ ಸೇರಿ ಸಿ ಸರ್ಟಿಫಿಕೇಟ್ ತೆಗೆದವರಿಗೆ ಬೇರೆಯದೇ ಒಂದು ದಾರಿ ಇದೆ, ಅವರಿಗೆ ಲಿಖಿತ ಪರೀಕ್ಷೆಯೇ ಇಲ್ಲ.

ಇನ್ನು ಗ್ಯಾರಂಟಿ. ಅದನ್ನು ಕೊಡುವ ಶಕ್ತಿ ವಾಯುಪಡೆಯ ಮುಖ್ಯಸ್ಥರಿಗೂ ಇಲ್ಲ.

ಬೇಲಿ ಮೇಲಿನವ

ಸುಮ್ನೆ ಹುಡುಗನ ತಲೆ ಕೆಡಿಸಬೇಡಿ. ಅದೆಲ್ಲ ಸೈನಿಕ ಶಾಲೆಯವರಿಗೆ, ಆರ್ಮಿ ಆಫೀಸರ್ ಮಕ್ಕಳಿಗೆ. ವಶೀಲಿ ಇಲ್ಲದೆ ಯಾವುದೂ ಆಗಲ್ಲ. ಡಿಪ್ಲೊಮಾ ಮಾಡಿಸಿ ಸಕ್ಕರೆ ಫ್ಯಾಕ್ಟರಿಗೆ ಹಾಕಿ.

ಗುಮ್ಮಟನಗರಿ

ಮೇಲಿನವರೇ, ನಾನು ವಿಜಯಪುರ ಸೈನಿಕ ಶಾಲೆಯಲ್ಲೇ ಓದಿದವನು. 1963ರಲ್ಲಿ ಶುರುವಾದ ಶಾಲೆ, ನಮ್ಮನ್ನು ಎನ್‌ಡಿಎಗೆ ತಯಾರು ಮಾಡುವುದೇ ಅದರ ಕೆಲಸ. ಆರನೇ ಕ್ಲಾಸಿನಿಂದ ಬೆಳಿಗ್ಗೆ ಐದಕ್ಕೆ ಎದ್ದಿದ್ದೇನೆ. ಅಷ್ಟಾದರೂ ನಾನು ಪೈಲಟ್ ಆಗಲಿಲ್ಲ, ಈಗ ಬ್ಯಾಂಕಿನಲ್ಲಿ ಕೆಲಸ. ನನ್ನ ಜೊತೆ ಎಸ್‌ಎಸ್‌ಬಿಯಲ್ಲಿ, ಅಂದರೆ ಲಿಖಿತದ ನಂತರದ ಆಫೀಸರ್ ಆಯ್ಕೆ ಮಂಡಳಿಯಲ್ಲಿ, ಗೆದ್ದವರಲ್ಲಿ ರೈತರ ಮಕ್ಕಳೂ ಇದ್ದರು, ಕಿರಾಣಿ ಅಂಗಡಿಯವರ ಮಕ್ಕಳೂ ಇದ್ದರು. ಅಲ್ಲಿ ಸಂದರ್ಶನ ಮಾಡುವವರು ಒಬ್ಬರು, ಮೈದಾನದಲ್ಲಿ ನೋಡುವವರು ಒಬ್ಬರು, ನೀನು ಬರೆದದ್ದನ್ನು ಓದುವ ಮನೋವಿಜ್ಞಾನಿ ಒಬ್ಬರು. ಮೂವರೂ ಬೇರೆ ಬೇರೆ ಅಂಕ ಹಾಕುತ್ತಾರೆ, ಕೊನೆಯ ದಿನ ಒಟ್ಟಿಗೆ ಕೂರುತ್ತಾರೆ. ಯಾರಿಗೆ ವಶೀಲಿ ಹಚ್ಚುತ್ತೀರಿ?

ನಾನು ಬಿದ್ದದ್ದು ಎಲ್ಲಿ ಅಂತ ರಾತ್ರಿ ಬರೆಯುತ್ತೇನೆ. ಈಗ ಕೌಂಟರ್ ಮುಂದೆ ಕ್ಯೂ ಇದೆ.

ಟಿಳಕವಾಡಿ ಕಣ್ಣಿನ ಅಂಗಡಿ

ಕಾಕಾ, ಪುಸ್ತಕ, ಕೋಚಿಂಗ್ ಎಲ್ಲ ಆಮೇಲೆ. ನಾಳೆಯೇ ಹುಡುಗನ ಕಣ್ಣು ತೋರಿಸಿ. ನಾನು ಆಪ್ಟೊಮೆಟ್ರಿಸ್ಟ್. ಎರಡು ವರ್ಷ ಕೋಚಿಂಗ್ ಮಾಡಿ, ಎಸ್‌ಎಸ್‌ಬಿ ಗೆದ್ದು, ಮೆಡಿಕಲ್‌ನಲ್ಲಿ ಮೊದಲ ಸಲ ತನ್ನ ಕಣ್ಣಿನ ನಂಬರ್ ತಿಳಿದುಕೊಂಡು ಅಳುತ್ತ ಬಂದ ಮಕ್ಕಳನ್ನು ನೋಡಿದ್ದೇನೆ. ನನಗೆ ಅದೇ ಸಿಟ್ಟು. ಚಷ್ಮಾ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ ಅದು.

ಹಾರುವ ಶಾಖೆಗೆ ಒಂದು ಕಣ್ಣು 6/6, ಅಂದರೆ ಪೂರ್ತಿ ದೃಷ್ಟಿ, ಇರಬೇಕು; ಇನ್ನೊಂದು ಸ್ವಲ್ಪ ಕಡಿಮೆ, 6/9 ತನಕ ನಡೆಯುತ್ತದೆ. ಆ 6/9 ಕೂಡ ಪ್ಲಸ್ ನಂಬರಿನಿಂದ ಬಂದಿದ್ದರೆ ಮಾತ್ರ, ಪ್ಲಸ್ ಲೆನ್ಸಿನಿಂದ 6/6 ಆಗಬೇಕು. ಮೈನಸ್ ಅಂದರೆ ಬಾಗಿಲು ಹಾಕಿದ ಹಾಗೆ, ಪರೀಕ್ಷೆಯಲ್ಲಿ ಕಾಣುವ ಮೈನಸ್ 0.5ರ ಒಳಗಿದ್ದರೆ ಮಾತ್ರ ಒಪ್ಪುತ್ತಾರೆ. ಬಣ್ಣದ ಚುಕ್ಕೆಗಳಲ್ಲಿ ಅಂಕಿ ಗುರುತಿಸುವ ಇಶಿಹಾರಾ ಪುಸ್ತಕವನ್ನೂ ತೋರಿಸಿ. ಬಣ್ಣದ ದೋಷ ಇದ್ದರೂ ಎಷ್ಟೋ ಹುಡುಗರಿಗೆ ಹದಿನೆಂಟರವರೆಗೆ ಗೊತ್ತೇ ಇರುವುದಿಲ್ಲ.

ಕಿತ್ತೂರ ಹುಡುಗಿ

ಕಾಕಾ, ಕಣ್ಣಿನ ಜೊತೆ ಟೇಪನ್ನೂ ತಗೊಳ್ಳಿ. ಎತ್ತರ ಕನಿಷ್ಠ 162.5 ಸೆಂಟಿಮೀಟರ್. ಹುಡುಗಿಯರಿಗೂ ಅಷ್ಟೇ, ನಾನು 163.5, ಒಂದು ಸೆಂಟಿಮೀಟರಿನಲ್ಲಿ ಬಚಾವ್. ಎತ್ತರ ಒಂದೇ ಅಲ್ಲ. ಗೋಡೆಗೆ ಬೆನ್ನು ಹಚ್ಚಿ ನೇರ ಕೂತರೆ ತಲೆಯವರೆಗೆ 81.5ರಿಂದ 96. ಕಾಲಿನ ಉದ್ದ 99ರಿಂದ 120. ತೊಡೆ 64 ದಾಟಬಾರದು. ಕಾಕ್‌ಪಿಟ್ಟಿನಲ್ಲಿ ಕಾಲು ಪೆಡಲ್ ಮುಟ್ಟಬೇಕು, ಜೊತೆಗೆ ಸೀಟ್ ಸಮೇತ ಹೊರಗೆ ಚಿಮ್ಮುವಾಗ ಮೊಣಕಾಲು ಎದುರಿನ ಪ್ಯಾನಲ್‌ಗೆ ಬಡಿಯಬಾರದು. ಅದಕ್ಕೇ ಈ ಲೆಕ್ಕ. ಆರಡಿ ಎರಡಿಂಚಿನ ಹುಡುಗ ಒಬ್ಬ ತೊಡೆಯ ಉದ್ದದಲ್ಲಿ ಹೊರಗೆ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಎತ್ತರ ಇದ್ದರೆ ಆಯಿತು ಅಂದುಕೊಂಡಿದ್ದ ಪಾಪ.

ಇನ್ನೊಂದು. ಬನಶಂಕರಿ ಜಾತ್ರೆ ಹತ್ತಿರ ಬಂತು. ಗೆಳೆಯರ ಜೊತೆ ಹೋಗಿ ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡು ಬರದ ಹಾಗೆ ನೋಡಿಕೊಳ್ಳಿ. ಮುಂಗೈ ಒಳಭಾಗ, ಅಂಗೈ ಹಿಂಭಾಗ ಬಿಟ್ಟರೆ ಬೇರೆ ಕಡೆ ಇದ್ದರೆ ತೊಂದರೆ. ಅವ್ವನ ಹೆಸರೇ ಆದರೂ.

ಮುಧೋಳ ಕಾಕಾ

ತಂಗಿ, ನಕ್ಕೂ ನಕ್ಕೂ ಸಾಕಾಯಿತು. ಹೋದ ವರ್ಷ ಜಾತ್ರೆಯಲ್ಲಿ ಅವನ ಗೆಳೆಯ ಹಾಕಿಸಿಕೊಂಡಿದ್ದ, ಇವನಿಗೆ ರೊಕ್ಕ ಸಾಲಲಿಲ್ಲ. ದೇವರು ದೊಡ್ಡವನು.

ನೀವು ಸೆಲೆಕ್ಟ್ ಆಗಿದ್ದೀರಾ? ಹೇಗೆ ನಡೆಯುತ್ತದೆ, ಸ್ವಲ್ಪ ಬಿಡಿಸಿ ಬರೆಯಿರಿ. ಹುಡುಗನಿಗೆ ಇಂಗ್ಲಿಷಿನದೇ ಭಯ.

ಕಿತ್ತೂರ ಹುಡುಗಿ

ಮೆಡಿಕಲ್ ಮುಗಿದಿದೆ, ಮೆರಿಟ್ ಲಿಸ್ಟಿಗೆ ಕಾಯುತ್ತಿದ್ದೇನೆ. ಆದ್ದರಿಂದ ಪೂರ್ತಿ ಸೆಲೆಕ್ಟ್ ಅಂತ ಹೇಳಿಕೊಳ್ಳುವ ಹಾಗಿಲ್ಲ.

ನಂದು ಎಎಫ್‌ಕ್ಯಾಟ್. ಬಿಇ ಕೊನೆಯ ವರ್ಷದಲ್ಲಿ ಬೆಳಗಾವಿಯಲ್ಲೇ ಬರೆದೆ. ಎರಡು ಗಂಟೆ, 100 ಪ್ರಶ್ನೆ, 300 ಅಂಕ, ತಪ್ಪಿದರೆ ಒಂದು ಅಂಕ ಕಟ್. ಪೂರ್ತಿ ಇಂಗ್ಲಿಷ್. ನಿಮ್ಮವನದು ಎನ್‌ಡಿಎ, ಅದು ಇದಕ್ಕಿಂತ ಕಷ್ಟ. ಮ್ಯಾಥ್ಸ್ 300, ಜನರಲ್ ಎಬಿಲಿಟಿ 600, ಅದರಲ್ಲಿ ಇಂಗ್ಲಿಷಿಗೇ 200. ಆದರೆ ಕಟ್ ಆಫ್ ನೋಡಿದರೆ ಧೈರ್ಯ ಬರುತ್ತದೆ. ಹಿಂದಿನ ಕೆಲವು ವರ್ಷ 900ಕ್ಕೆ 290ರಿಂದ 360ರ ನಡುವೆ ಇತ್ತು. ಪಿಯು ಮ್ಯಾಥ್ಸ್ ಗಟ್ಟಿ ಇದ್ದು ಸುಮ್ಸುಮ್ನೆ ಟಿಕ್ ಹಾಕದಿದ್ದರೆ ಆಗದ ಮಾತಲ್ಲ.

ಲಿಖಿತ ಗೆದ್ದರೆ ಎಎಫ್‌ಎಸ್‌ಬಿ, ಅಂದರೆ ವಾಯುಪಡೆಯ ಎಸ್‌ಎಸ್‌ಬಿ. ಮೈಸೂರು, ಡೆಹ್ರಾಡೂನ್, ವಾರಾಣಸಿ, ಗಾಂಧಿನಗರ ಹೀಗೆ ಇವೆ. ನನಗೆ ಮೈಸೂರು ಸಿಕ್ಕಿತು. ವಿಶ್ವಮಾನವ ಹತ್ತಿ ಹೋದೆ, ಇಡೀ ದಿನ ರೈಲಿನಲ್ಲಿ. ನಿಮ್ಮವನಿಗೂ ಅಲ್ಲೇ ಬಂದರೆ ಬಾಗಲಕೋಟೆಯಿಂದ ಗೋಲಗುಂಬಜ್ ನೇರ ಇದೆ. ಮೊದಲ ಸಲ ಹೋದವರಿಗೆ ಪ್ರಯಾಣದ ಖರ್ಚು ಕೊಡುತ್ತಾರೆ. ಟಿಕೆಟ್ ಎಸೆಯಬೇಡ ಅಂತ ಹೇಳಿ.

ಮೊದಲ ದಿನವೇ ಜರಡಿ. ಬುದ್ಧಿಮತ್ತೆ ಪ್ರಶ್ನೆಗಳು, ಆಮೇಲೆ ಒಂದು ಮಸುಕಾದ ಚಿತ್ರ 30 ಸೆಕೆಂಡ್ ತೋರಿಸುತ್ತಾರೆ. ನಾಲ್ಕು ನಿಮಿಷದಲ್ಲಿ ಅದರ ಮೇಲೆ ಕಥೆ ಬರೆಯಬೇಕು. ನಂತರ ಗುಂಪಿನಲ್ಲಿ ಕೂತು ಒಬ್ಬೊಬ್ಬರೂ ತಮ್ಮ ಕಥೆ ಹೇಳಬೇಕು, ಎಲ್ಲರೂ ಸೇರಿ ಒಂದು ಕಥೆಗೆ ಬರಬೇಕು. ಇಲ್ಲಿ ಶುರುವಾಗುತ್ತದೆ ಸಂತೆ. ನಮ್ಮ ಗುಂಪಿನಲ್ಲಿ ದೆಹಲಿ ಕಡೆಯ ಇಬ್ಬರು ಇಂಗ್ಲಿಷಿನಲ್ಲಿ ಪಟಪಟ ಹೊಡೆದಾಡಿದರು. ಚಿತ್ರದಲ್ಲಿ ಇರುವುದು ನದಿಯೋ ರಸ್ತೆಯೋ ಅಂತ. ನಾನು ಒಂದೇ ಮಾತು ಹೇಳಿದೆ: ಯಾವುದಾದರೂ ಇರಲಿ, ದಾಟಬೇಕಾದವರು ಮೂರು ಜನ, ಅವರು ದಾಟಿದ್ದು ಹೇಗೆ ಅಂತ ಹೇಳೋಣ. ನನ್ನ ಇಂಗ್ಲಿಷ್ ತಪ್ಪಿತ್ತು, ಈಗಲೂ ನೆನಪಿದೆ, ಕಾಲವೇ ತಪ್ಪಿತ್ತು. ಆದರೂ ನಾನು ಉಳಿದೆ, ಆ ಇಬ್ಬರೂ ಮಧ್ಯಾಹ್ನದ ಬಸ್ಸಿಗೆ. ಆ ದಿನ ಅರ್ಧಕ್ಕಿಂತ ಜಾಸ್ತಿ ಮಂದಿ ಮನೆಗೆ ಹೋದರು.

ಆಮೇಲೆ ಮೂರ್ನಾಲ್ಕು ದಿನ. ಒಂದೊಂದು ಪದ 15 ಸೆಕೆಂಡ್, ಅಂಥ 60 ಪದ, ಪ್ರತಿಯೊಂದಕ್ಕೂ ಒಂದು ವಾಕ್ಯ. 60 ಸನ್ನಿವೇಶ ಅರ್ಧ ಗಂಟೆಯಲ್ಲಿ. ಯೋಚಿಸಿ ಸುಳ್ಳು ಬರೆಯಲು ಟೈಮೇ ಸಿಗಲ್ಲ, ಅದಕ್ಕೇ ಹಾಗೆ ಇಟ್ಟಿರುವುದು. ಮೈದಾನದಲ್ಲಿ ಹಲಗೆ, ಹಗ್ಗ, ಡ್ರಮ್ ಕೊಟ್ಟು ಗುಂಪಾಗಿ ದಾಟಿ ಅಂತಾರೆ. ಇಲ್ಲಿ ನಮ್ಮ ಹಳ್ಳಿ ಮಕ್ಕಳಿಗೆ ಒಳ್ಳೆಯದು. ಬಣವೆ ಕಟ್ಟಿದವರಿಗೆ ಹಗ್ಗ ಎಲ್ಲಿ ಬಿಗಿಯಬೇಕು ಅಂತ ಹೇಳಿಕೊಡಬೇಕಾಗಿಲ್ಲ. ಮೂರು ನಿಮಿಷ ಒಬ್ಬರೇ ನಿಂತು ಮಾತಾಡಬೇಕು, ಅದೊಂದು ಅಭ್ಯಾಸ ಮಾಡಿಸಿ. ದಿನಾ ರಾತ್ರಿ ಊಟದ ಮೇಲೆ ಮೂರು ನಿಮಿಷ ಇಂಗ್ಲಿಷ್. ಕೇಳುವವರು ನೀವೇ ಆಗಿ. ಅರ್ಥ ಆಗದಿದ್ದರೂ ತಲೆ ಆಡಿಸಿ ಕಾಕಾ.

ಇಳಕಲ್ ಅವ್ವ

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನ್ನ ಮಗಳು ಐದನೇ ಕ್ಲಾಸ್. ಹೆಣ್ಣುಮಕ್ಕಳನ್ನು ಎನ್‌ಡಿಎಗೆ ತಗೊಳ್ತಾರಾ? ವಿಜಯಪುರ ಸೈನಿಕ ಶಾಲೆ ಗಂಡುಮಕ್ಕಳಿಗೆ ಮಾತ್ರ ಅಲ್ವಾ?

ಗುಮ್ಮಟನಗರಿ

ಈಗ ಹಾಗಿಲ್ಲ ಅಕ್ಕಾ. ಸೈನಿಕ ಶಾಲೆಗಳಲ್ಲಿ 2021ರಿಂದ ಆರನೇ ಕ್ಲಾಸಿಗೆ ಹುಡುಗಿಯರನ್ನೂ ತಗೊಳ್ತಾರೆ. ಅದಕ್ಕೆ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ, ವಯಸ್ಸು 10ರಿಂದ 12. ಈ ವರ್ಷವೇ ನೋಡಿ, ಮುಂದಿನ ವರ್ಷ ಅಂದರೆ ವಯಸ್ಸು ಮೀರಿಬಿಡಬಹುದು. ಕಿತ್ತೂರಿನ ಹುಡುಗಿಯರ ಸೈನಿಕ ಶಾಲೆ ಬೇರೆ, ಅದರ ಪರೀಕ್ಷೆಯೂ ಬೇರೆ. ಎನ್‌ಡಿಎಗೆ ಸುಪ್ರೀಂ ಕೋರ್ಟ್ 2021ರಲ್ಲಿ ಹುಡುಗಿಯರಿಗೆ ಬಾಗಿಲು ತೆರೆಸಿತು. ಮೊದಲ ತಂಡದ 17 ಜನ 2025ರ ಮೇನಲ್ಲಿ ಪಾಸಾಗಿ ಹೊರಬಂದರು.

ಈಗ ನನ್ನ ಕಥೆ. ಕಾಕಾ, ಇದನ್ನು ಹುಡುಗನಿಗೆ ಓದಿಸಿ.

ಎಸ್‌ಎಸ್‌ಬಿ ಕೊನೆಯ ದಿನ ನನ್ನ ಚೆಸ್ಟ್ ನಂಬರ್ ಕೂಗಿದರು. ಪಾಸ್. ಅಪ್ಪನಿಗೆ ಫೋನ್ ಮಾಡಿ ಪೈಲಟ್ ಆದೆ ಅಂದೆ. ತಪ್ಪು ಮಾಡಿದೆ. ಹಾರುವ ಶಾಖೆಗೆ ಅದರ ಮೇಲೆ ಇನ್ನೊಂದು ಪರೀಕ್ಷೆ ಇದೆ, ಸಿಪಿಎಸ್‌ಎಸ್. ಕಂಪ್ಯೂಟರ್ ಪರೀಕ್ಷೆ, ಡಿಆರ್‌ಡಿಓ ಮಾಡಿದ್ದು. ಮೊದಲ ಭಾಗದಲ್ಲಿ ವಿಮಾನದ ಮೀಟರುಗಳನ್ನು ಓದಿ ಉತ್ತರ ಕೊಡಬೇಕು. ಅದರಲ್ಲಿ ನನಗೆ ತೊಂದರೆ ಆಗಲಿಲ್ಲ. ಎರಡನೆಯದು ಯಂತ್ರ. ಎದುರಿಗೆ ಸ್ಕ್ರೀನ್, ಕೈಗೆ ಜಾಯ್‌ಸ್ಟಿಕ್, ಕಾಲಿಗೆ ಪೆಡಲ್. ಸ್ಕ್ರೀನ್ ಮೇಲೆ ಒಂದು ಗುರುತು ತನ್ನಷ್ಟಕ್ಕೆ ಅಲೆಯುತ್ತಿರುತ್ತದೆ. ಕೈ ಕಾಲು ಎರಡೂ ಆಡಿಸಿ ಅದನ್ನು ನಡುವಿನ ಚೌಕದಲ್ಲಿ ಹಿಡಿದಿಡಬೇಕು. ಅಷ್ಟರಲ್ಲಿ ದೀಪ ಹತ್ತುತ್ತದೆ, ಶಬ್ದ ಬರುತ್ತದೆ, ಅವನ್ನೂ ಆರಿಸಬೇಕು.

ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹಿಂದಕ್ಕೆ ತೆಗೆಯುವಾಗ ಹೊಸಬ ಏನು ಮಾಡುತ್ತಾನೆ? ಟ್ರೇಲರ್ ಸ್ವಲ್ಪ ಎಡಕ್ಕೆ ಹೋದ ಕೂಡಲೇ ಗಾಬರಿಯಾಗಿ ಸ್ಟೇರಿಂಗ್ ಜೋರಾಗಿ ತಿರುಗಿಸುತ್ತಾನೆ. ಅದು ಇನ್ನಷ್ಟು ಸೊಟ್ಟ ಆಗುತ್ತದೆ. ನಾನು ಮಾಡಿದ್ದು ಅದನ್ನೇ. ಗುರುತು ಸರಿದಷ್ಟೂ ನಾನು ಜಾಸ್ತಿ ಎಳೆದೆ, ಅದು ಚೌಕ ದಾಟಿ ಆ ಕಡೆ ಹೋಯಿತು, ಮತ್ತೆ ಈ ಕಡೆ ಎಳೆದೆ. ದೀಪ ಹತ್ತಿದ್ದು ಕಾಣಲೇ ಇಲ್ಲ. ಅಂಗೈ ಬೆವತು ಜಾಯ್‌ಸ್ಟಿಕ್ ಜಾರುತ್ತಿತ್ತು. ಪಕ್ಕದವನನ್ನು ಒಮ್ಮೆ ನೋಡಿದೆ, ಅವನ ಕೈ ಆಡುತ್ತಿದೆಯೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಇತ್ತು. ಅವನು ಪಾಸ್, ನಾನು ಫೇಲ್.

ಸಿಪಿಎಸ್‌ಎಸ್ ಜೀವನದಲ್ಲಿ ಒಂದೇ ಸಲ. ಎಸ್‌ಎಸ್‌ಬಿಗೆ ಹತ್ತು ಸಲ ಹೋಗಬಹುದು, ಎನ್‌ಡಿಎ, ಸಿಡಿಎಸ್, ಎಎಫ್‌ಕ್ಯಾಟ್ ಯಾವುದರಿಂದ ಬೇಕಾದರೂ ಹೋಗಬಹುದು. ಇದರಲ್ಲಿ ಬಿದ್ದರೆ ಹಾರುವ ಶಾಖೆ ಅಲ್ಲಿಗೆ ಮುಗಿಯಿತು. ಹದಿನೆಂಟರ ವಯಸ್ಸಿನಲ್ಲಿ ನನಗೆ ಮುಗಿಯಿತು.

ಅದೂ ಹೋಗಲಿ. ನಿಜವಾಗಿ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಅರ್ಜಿಯಲ್ಲಿ ಆದ್ಯತೆ ಬರೆಯುವ ಕಡೆ ನಾನು ಬರೆದದ್ದು ವಾಯುಪಡೆ ಹಾರುವ ಶಾಖೆ ಒಂದೇ. ಜಂಬ. ಸೇನೆ ಬರೆದಿರಲಿಲ್ಲ, ವಾಯುಪಡೆಯಲ್ಲೇ ನೆಲದ ಮೇಲಿನ ಕೆಲಸವಾದ ಗ್ರೌಂಡ್ ಡ್ಯೂಟಿಯನ್ನೂ ಬರೆದಿರಲಿಲ್ಲ. ಲಿಖಿತ ಪಾಸ್, ಎಸ್‌ಎಸ್‌ಬಿ ಪಾಸ್, ಆದರೂ ಮೆರಿಟ್ ಲಿಸ್ಟಿನಲ್ಲಿ ನನ್ನ ಹೆಸರು ಹಾಕಲು ಅವರಿಗೆ ಜಾಗವೇ ಇಲ್ಲ. ನನ್ನ ಜೊತೆ ಸಿಪಿಎಸ್‌ಎಸ್‌ನಲ್ಲಿ ಬಿದ್ದ ಇನ್ನೊಬ್ಬ ಎರಡನೆಯದಾಗಿ ಸೇನೆ ಬರೆದಿದ್ದ. ಅವನು ಈಗ ಕ್ಯಾಪ್ಟನ್.

ಬೇಲಿ ಮೇಲಿನವ

ಮೇಲೆ ನಾನು ಬರೆದದ್ದು ಸ್ವಲ್ಪ ಜಾಸ್ತಿ ಆಯಿತು. ಆದರೂ ಒಂದು ಕೇಳುತ್ತೇನೆ. ಸಿಪಿಎಸ್‌ಎಸ್‌ಗೆ ಕೋಚಿಂಗ್ ಇಲ್ವಾ?

ಸಾಂಬ್ರಾ ಹಳಬ

ಜಾಹೀರಾತು ಬೇಕಾದಷ್ಟು ಇವೆ. ನನಗೆ ನಂಬಿಕೆ ಇಲ್ಲ. ಪರೀಕ್ಷೆಗೆ ಮುಂಚೆ ಅಲ್ಲೇ ಎಲ್ಲವನ್ನೂ ವಿವರಿಸುತ್ತಾರೆ. ಅದನ್ನು ಕಿವಿಗೊಟ್ಟು ಕೇಳಿದರೆ, ಹಿಂದಿನ ರಾತ್ರಿ ಹರಟೆ ಹೊಡೆಯದೆ ನಿದ್ದೆ ಮಾಡಿದರೆ ಸಾಕು. ಉಳಿದದ್ದು ಕೈಗುಣ. ಗುಮ್ಮಟನಗರಿ ತಮ್ಮಾ, ಟ್ರೇಲರ್ ಮಾತು ಚೆನ್ನಾಗಿ ಹೇಳಿದೆ. ನಾನು ನೋಡಿದ ಒಳ್ಳೆಯ ಪೈಲಟ್‌ಗಳು ಏಣಿ ಹತ್ತುವಾಗಲೂ ಅವಸರ ಮಾಡುತ್ತಿರಲಿಲ್ಲ.

ಮುಧೋಳ ಕಾಕಾ

ಎರಡು ದಿನ ಬರೆಯಲಾಗಲಿಲ್ಲ. ಇಲ್ಲೇ ಚಷ್ಮಾ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಮಷೀನಿನಲ್ಲಿ ಬಲಗಣ್ಣು ಮೈನಸ್ 0.75, ಎಡಗಣ್ಣು ಮೈನಸ್ 0.5 ಬಂತು. ಇಷ್ಟು ದಿನ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅಂಗಡಿಯಿಂದ ಬೈಕಿನಲ್ಲಿ ಬರುವಾಗ ಹಿಂದೆ ಕೂತವನು ಮಾತೇ ಆಡಲಿಲ್ಲ. ಮನೆಗೆ ಬಂದು ರೊಟ್ಟಿ ಮುಟ್ಟಲಿಲ್ಲ, ಹೋಗಿ ಟ್ರ್ಯಾಕ್ಟರ್ ಮೇಲೆ ಕೂತ. ಮುಗೀತಾ? ಯಾರೋ ಲೇಸರ್ ಆಪರೇಶನ್ ಮಾಡಿಸಿ ಅಂತಿದ್ದಾರೆ, ಅಣ್ಣ ಅದಕ್ಕೂ ತಯಾರು.

ಟಿಳಕವಾಡಿ ಕಣ್ಣಿನ ಅಂಗಡಿ

ಆಪರೇಶನ್ ಮಾಡಿಸಬೇಡಿ! ದಪ್ಪ ಅಕ್ಷರದಲ್ಲಿ ಬರೆದೆ ಅಂತ ತಿಳಿಯಿರಿ. ಲೇಸರ್ ಮಾಡಿಸಿಕೊಂಡವರಿಗೆ ಎನ್‌ಡಿಎಯಲ್ಲಿ ಜಾಗ ಇಲ್ಲ. ಡಿಗ್ರಿ ಆದ ಮೇಲಿನ ಎಎಫ್‌ಕ್ಯಾಟ್, ಸಿಡಿಎಸ್‌ನಲ್ಲಿ ಒಪ್ಪುತ್ತಾರೆ, ಅದಕ್ಕೂ ಷರತ್ತಿವೆ. 20 ತುಂಬುವ ಮೊದಲು ಮಾಡಿಸಿರಬಾರದು, ಮಾಡಿಸಿ 12 ತಿಂಗಳು ಕಳೆದಿರಬೇಕು, ಕಾರ್ನಿಯಾದ ದಪ್ಪ, ಕಣ್ಣುಗುಡ್ಡೆಯ ಉದ್ದ ಎಲ್ಲ ಅಳೆಯುತ್ತಾರೆ. ಅವಸರಪಟ್ಟು ಈಗ ಮಾಡಿಸಿದರೆ ಎನ್‌ಡಿಎಯೂ ಹೋಯಿತು, ಮುಂದಿನದೂ ಹೋಯಿತು. ಮುಚ್ಚಿಡುತ್ತೇನೆ ಅಂದರೆ ಆಗಲ್ಲ, ಯಂತ್ರದಲ್ಲಿ ಕಾಣುತ್ತದೆ.

ಎರಡನೆಯದು ಇನ್ನೂ ಮುಖ್ಯ. ಅಂಗಡಿಯ ಮಷೀನ್ ಹೇಳಿದ್ದೇ ಕೊನೆಯ ಮಾತಲ್ಲ. ಆ ಮಷೀನ್ ಇಟ್ಟುಕೊಂಡ ನಾನೇ ಹೇಳುತ್ತಿದ್ದೇನೆ. ಈ ವಯಸ್ಸಿನ ಮಕ್ಕಳು ಗಂಟೆಗಟ್ಟಲೆ ಪುಸ್ತಕ, ಮೊಬೈಲ್ ನೋಡಿದರೆ ಕಣ್ಣೊಳಗಿನ ಸ್ನಾಯು ಹತ್ತಿರದ ನೋಟಕ್ಕೇ ಬಿಗಿದುಕೊಂಡಿರುತ್ತದೆ. ಆಗ ಮಷೀನ್ ಇಲ್ಲದ ಮೈನಸ್ಸನ್ನೂ ಸೇರಿಸಿ ತೋರಿಸುತ್ತದೆ. ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, ಡ್ರಾಪ್ಸ್ ಹಾಕಿ ಸ್ನಾಯು ಸಡಿಲ ಮಾಡಿದ ಮೇಲೆ ನೋಡಲು ಹೇಳಿ. ಹೋಗುವ ಮುಂಚೆ ಒಂದು ವಾರ ಮೊಬೈಲ್ ಕಡಿಮೆ ಮಾಡಿಸಿ. ಡ್ರಾಪ್ಸ್ ಹಾಕಿದ ದಿನ ಹತ್ತಿರದ್ದು ಮಸುಕು, ಬಿಸಿಲು ಕುಕ್ಕುತ್ತದೆ. ಬೈಕ್ ಓಡಿಸಲು ಬಿಡಬೇಡಿ. ನಂಬರ್ ಕಡಿಮೆ ಆಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ನಿಜ ಎಷ್ಟು ಅಂತ ತಿಳಿಯುತ್ತದೆ.

ಕಿತ್ತೂರ ಹುಡುಗಿ

ಕಾಕಾ, ಮುಗೀತು ಅನ್ನಬೇಡಿ. ಅಕಸ್ಮಾತ್ ಮೈನಸ್ ನಿಜವಾದರೂ ಲೆಕ್ಕ ಹಾಕಿ ನೋಡಿ. 20 ದಾಟಿ ಆಪರೇಶನ್, ಒಂದು ವರ್ಷ ಬಿಟ್ಟರೆ 21. ಎಎಫ್‌ಕ್ಯಾಟ್ 24ರವರೆಗೆ ಇದೆ. ನಡುವೆ ಡಿಗ್ರಿ ಮುಗಿದಿರುತ್ತದೆ.

ಮೆಡಿಕಲ್‌ನಲ್ಲಿ ಏನೇನೋ ಬರುತ್ತವೆ. ನನ್ನನ್ನು ಮೊದಲ ಸಲ ಕಿವಿಯ ಗುಗ್ಗೆಗೆ ಅನ್‌ಫಿಟ್ ಅಂದರು. ಹೌದು, ಗುಗ್ಗೆಗೆ! ಅಪೀಲ್ ಮಾಡಿ, ಕಿವಿ ಕ್ಲೀನ್ ಮಾಡಿಸಿಕೊಂಡು ಹೋಗಿ ಫಿಟ್ ಆದೆ. ಅಪೀಲಿಗೆ 42 ದಿನ ಟೈಮ್ ಇರುತ್ತದೆ. ಮನೆಯಲ್ಲಿ ಅಪ್ಪ ಈಗಲೂ ಅದೊಂದನ್ನೇ ಎಲ್ಲರಿಗೂ ಹೇಳಿ ನಗುತ್ತಾರೆ.

ಇಳಕಲ್ ಅವ್ವ

ಹುಡುಗ ಊಟ ಮಾಡಿದನಾ?

ಮುಧೋಳ ಕಾಕಾ

ಮಾಡಿದ ಅಕ್ಕಾ. ಕಿವಿ ಗುಗ್ಗೆ ಕಥೆ ಓದಿ ನಕ್ಕ, ಆಮೇಲೆ ಮೂರು ರೊಟ್ಟಿ.

ಮುಧೋಳ ಕಾಕಾ

ಹತ್ತು ದಿನ ಆಯಿತು, ಎಲ್ಲರಿಗೂ ವರದಿ ಒಪ್ಪಿಸುತ್ತೇನೆ.

ನಿನ್ನೆ ಬೆಳಗಾವಿಗೆ ಹೋಗಿ ಡ್ರಾಪ್ಸ್ ಹಾಕಿಸಿ ನೋಡಿಸಿದೆವು. ಎಡಗಣ್ಣು ಸರಿ ಇದೆ, ನಂಬರ್ ಇಲ್ಲ. ಬಲಗಣ್ಣು ಮೈನಸ್ 0.25. ಬೋರ್ಡಿನ ಕೊನೆಯ ಸಾಲಿನಲ್ಲಿ ಒಂದು ಅಕ್ಷರಕ್ಕೆ ತಡವರಿಸಿದ, ಆಮೇಲೆ ಓದಿದ. ಡಾಕ್ಟರ್ ಹೇಳಿದ್ದು: ಈಗಿನ ಮಟ್ಟಿಗೆ ಅಡ್ಡಿ ಇಲ್ಲ, ಆದರೆ ಬೆಳೆಯುವ ವಯಸ್ಸು, ಆರು ತಿಂಗಳಿಗೊಮ್ಮೆ ತೋರಿಸಿ, ಮೆಡಿಕಲ್ ಬೋರ್ಡ್ ಏನು ಹೇಳುತ್ತದೆ ಅಂತ ನಾನು ಬರೆದುಕೊಡಲು ಆಗಲ್ಲ. ಅಷ್ಟು ಸಾಕು ನಮಗೆ. ಬರುವಾಗ ಸಾಂಬ್ರಾ ಹಳಬ ಸರ್ ಮನೆಗೆ ಹೋಗಿ ಚಹಾ ಕುಡಿದು ಬಂದೆವು. ಕಣ್ಣು ಮಸುಕಿದ್ದರೂ ಗೋಡೆ ಮೇಲಿನ ವಿಮಾನದ ಫೋಟೋ ಹತ್ತಿರವೇ ಹುಡುಗ ಅರ್ಧ ಗಂಟೆ ನಿಂತಿದ್ದ.

ಪಕ್ಕದ ಟೇಲರ್ ಅಂಗಡಿಯಿಂದ ಟೇಪ್ ತಂದು ಅಳೆದೆ. ಎತ್ತರ 171. ಗೋಡೆಗೆ ಕೂರಿಸಿದರೆ 89. ಕಾಲು 103. ತೊಡೆ 58. ಟೇಲರ್ ಕೇಳಿದ, ಪ್ಯಾಂಟ್ ಯಾವಾಗ ಬೇಕು ಅಂತ.

ಟ್ರೇಲರ್ ಬಗ್ಗೆಯೂ ಹೇಳಬೇಕು. ನಮ್ಮ ಹೊಲದಲ್ಲಿ ಬಾವಿ ಪಕ್ಕ ಒಂದು ಇಕ್ಕಟ್ಟಾದ ಜಾಗ ಇದೆ. ಡ್ರೈವರ್ ಕೂಡ ಅಲ್ಲಿ ಎರಡು ಸಲ ಹಿಂದೆ ಮುಂದೆ ಮಾಡುತ್ತಾನೆ. ಹುಡುಗ ಒಂದೇ ಸಲಕ್ಕೆ ಹಿಂದಕ್ಕೆ ತೆಗೆದು ನಿಲ್ಲಿಸಿ ನನ್ನ ಮುಖ ನೋಡಿದ. ಗುಮ್ಮಟನಗರಿ ಅವರಿಗೆ ತಿಳಿಸು ಅಂದ.

ಗುಮ್ಮಟನಗರಿ

ತಿಳಿಯಿತು. ಆದ್ಯತೆ ಏನು ಬರೆದ?

ಮುಧೋಳ ಕಾಕಾ

ಅದಕ್ಕೇ ದೊಡ್ಡ ಜಗಳ ಆಯಿತು. ಏರ್‌ಫೋರ್ಸ್ ಬಿಟ್ಟು ಬೇರೆ ಬರೆಯಲ್ಲ ಅಂತ ಹಟ. ನಾನು ವಾದ ಮಾಡಲಿಲ್ಲ, ನಿಮ್ಮ ಪೋಸ್ಟ್ ತೆಗೆದು ಮುಂದೆ ಇಟ್ಟೆ. ಒಂದು ತಾಸು ಸುಮ್ಮನೆ ಕೂತಿದ್ದ. ಆಮೇಲೆ ತಾನೇ ಎರಡನೆಯದು ಸೇನೆ ಅಂತ ಹಾಕಿದ, ಗ್ರೌಂಡ್ ಡ್ಯೂಟಿಯನ್ನೂ ಬಿಡಲಿಲ್ಲ. ಅಣ್ಣ ಕೇಳಿದ, ಸೇನೆಗೆ ಹೋದರೆ ವಿಮಾನ ಸಿಗಲ್ಲ ಅಲ್ವೇನೋ ಅಂತ. ಹುಡುಗ ಅಂದ, ಕ್ಯಾಪ್ಟನ್ ಅಂತೂ ಆಗ್ತೀನಿ ಅಪ್ಪಾ.

ಪರೀಕ್ಷೆಗೆ ಧಾರವಾಡ ಸೆಂಟರ್ ಹಾಕಿದ್ದೇವೆ. ಫೀ 100 ರೂಪಾಯಿ. ಏಪ್ರಿಲ್‌ನಲ್ಲಿ ಪರೀಕ್ಷೆ, ಅಷ್ಟರಲ್ಲಿ ಬೋರ್ಡ್ ಪರೀಕ್ಷೆಯೂ ಮುಗಿದಿರುತ್ತದೆ. ರಾತ್ರಿ ಮೂರು ನಿಮಿಷದ ಇಂಗ್ಲಿಷ್ ಶುರುವಾಗಿದೆ. ನಿನ್ನೆಯ ವಿಷಯ ಘಟಪ್ರಭಾ ನದಿ. ನಾನು ತಲೆ ಆಡಿಸಿದೆ ತಂಗಿ.

ಕೋಚಿಂಗ್‌ನವರು ಮತ್ತೆ ಫೋನ್ ಮಾಡಿದ್ದರು. ನಿಮಗಾಗಿ 1 ಲಕ್ಷ 20 ಸಾವಿರಕ್ಕೆ ಮಾಡುತ್ತೇವೆ ಅಂದರಂತೆ. ಅಣ್ಣ ಕೇಳಿದ: ಗ್ಯಾರಂಟಿ ಮಾಲಿಗೆ ರಿಯಾಯಿತಿ ಯಾಕ್ರೀ? ಅವರೇ ಫೋನ್ ಇಟ್ಟರು. ಆ ದುಡ್ಡಿನಲ್ಲಿ ಒಂದಿಷ್ಟು ಡ್ರಿಪ್ ಪೈಪಿಗೆ ಹೋಯಿತು. ಹಳೆಯ ಪ್ರಶ್ನೆಪತ್ರಿಕೆಗಳ ಪುಸ್ತಕ ಎರಡು ತಂದೆವು.

ಸಾಂಬ್ರಾ ಹಳಬ

ಸಬ್ಮಿಟ್ ಒತ್ತುವ ಮುಂಚೆ ಒಂದು ನೋಡಿ. ಹುಡುಗನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇದೆಯಾ? ನಮ್ಮ ಕಡೆ ಒಂದು ಕಾಗದದಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ಇರುವುದೇ ಇಲ್ಲ. ದಾಖಲೆ ನೋಡುವ ಹೊತ್ತಿಗೆ ಅದೇ ದೊಡ್ಡ ತಲೆನೋವು.

ಮುಧೋಳ ಕಾಕಾ

ಈಗ ತೆಗೆದು ನೋಡಿದೆ ಸರ್. ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಅಪ್ಪನ ಹೆಸರಿನಲ್ಲಿ ಒಂದು ಕಡೆ ಗೌಡ ಇದೆ, ಇನ್ನೊಂದು ಕಡೆ ಇಲ್ಲ. ಸಬ್ಮಿಟ್ ಒತ್ತಿಲ್ಲ. ನಾಳೆ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಆಧಾರ್ ಸೆಂಟರ್‌ಗೆ ಹೋಗಿ ಕ್ಯೂ ಹಚ್ಚುತ್ತೇನೆ.